ಬೇಸಿನ್ ಯಾವ ದಿಕ್ಕಿಗೆ?

ಕಲಸಿದ ಸಿಮೆಂಟು ಗಟ್ಟಿಯಾಗುತ್ತಿತ್ತು. ಗಾರೆ ಕೆಲಸದ ಮೊಯ್ದು ಮಾತ್ರ ಕಕ್ಕಸಿನ ಬೇಸಿನ್ನನ್ನು ಮಗುವಿನಂತೆ ಎದೆಗವಚಿಕೊಂಡು ನಿಂತಲ್ಲೇ ನಿಂತಿದ್ದ.

"ಕೂರಿಸಪ್ಪಾ," ಎಂದ ಕೀರ್ತಿಕುಮಾರ್. ಸುಂಟಿಕೊಪ್ಪದಾಚೆಯ ಆ ಕಾಫಿ ಎಸ್ಟೇಟಿಗೆ ಅವನೇ ರೈಟರು. ಹಾಜರಿಯೂ ಅವನದೇ, ಜಗಳವೂ ಅವನದೇ. ಕೂಲಿಯಾಳುಗಳ ಸಾಲುಮನೆ, ಅಂದರೆ ಲೈನುಮನೆಯವರಿಗೆ ಕಕ್ಕಸು ಕಟ್ಟಿಸಿಕೊಡುತ್ತೇನೆ ಎಂದು ಯುಗಾದಿಯಲ್ಲಿ ಬಾಯಿ ಬಿಟ್ಟಿದ್ದ. ಈಗ ದೀಪಾವಳಿ ಹತ್ತಿರ. ಲೈನಿನ ಚೋಮಿ ಬೆಳಗ್ಗೆಯೇ ಬಂದು ಹೇಳಿಬಿಟ್ಟಿದ್ದಳು: "ಇವತ್ತು ಆಗ್ದಿದ್ರೆ ನಾಳೆಯಿಂದ ನಾವೆಲ್ಲ ನಿಮ್ಮನೆ ಕಕ್ಕಸಿಗೇ ಬರೋದು ರೈಟ್ರೇ. ನಿಮ್ದು ಟೈಲ್ಸ್ ಹಾಕಿದ್ದಂತಲ್ಲ!"

ನಾಳೆಯೇ ಶನಿವಾರಸಂತೆಯಿಂದ ಅತ್ತೆ ಶಕುಂತಲಮ್ಮ ಬರುವವರು. ನೆಂಟರ ಮನೆಯ ನಲ್ಲಿಯನ್ನೂ ತೊಳೆದು ಮುಟ್ಟುವ ಹೆಂಗಸು. ಮಗಳ ಬಚ್ಚಲ ಮುಂದೆ ಇಡೀ ಲೈನೇ ಚೊಂಬು ಹಿಡಿದು ನಿಂತದ್ದನ್ನು ಕಂಡರೆ ಬಂದ ಬಸ್ಸಿಗೇ ವಾಪಸು, ಜೊತೆಗೆ ಬಸುರಿ ಮಗಳು ಸುಧಾಳನ್ನೂ ಕರೆದುಕೊಂಡು.

"ಪಶ್ಚಿಮಕ್ಕೆ ಮುಖ ಮಾಡಿ ಕೂರೋ ಹಾಗಿಲ್ಲ ರೈಟರೇ," ಎಂದ ಮೊಯ್ದು. "ನಾವು ನಮಾಜ್ ಮಾಡೋ ದಿಕ್ಕು."

"ಪೂರ್ವಕ್ಕೆ ತಿರುಗಿಸು."

"ಆಗ ಪಶ್ಚಿಮಕ್ಕೆ ಬೆನ್ನು. ಅದೂ ಬೇಡ."

"ಪೂರ್ವ ನಮಗೂ ಬೇಡಪ್ಪ," ಎಂದರು ಕೆಲಸದಾಳುಗಳ ಮೇಸ್ತ್ರಿ ಗುರುವಪ್ಪ. "ಸೂರ್ಯನಾರಾಯಣನ ಎದ್ರಿಗೇನಾ? ಶಾಸ್ತ್ರ ಏನ್ ಹೇಳುತ್ತೆ? ಹಗಲು ಉತ್ತರಕ್ಕೆ, ರಾತ್ರಿ ದಕ್ಷಿಣಕ್ಕೆ."

"ಬೇಸಿನ್ನಿಗೆ ಚಕ್ರ ಹಾಕಿಸ್ಲಾ?" ಕೀರ್ತಿಕುಮಾರ್ ಹಣೆ ಒರೆಸಿಕೊಂಡ.

ಲೈನಿನ ಅಂತೋಣಿಗೆ ತನ್ನ ಧರ್ಮವೊಂದೇ ಹಿಂದೆ ಬಿತ್ತೇನೋ ಎಂಬ ಸಂಕಟ. "ನಮ್ಮಲ್ಲಿ ದಿಕ್ಕಿನ ಮಾತಿಲ್ಲ ಸಾರ್," ಎಂದವನು ಸ್ವಲ್ಪ ಯೋಚಿಸಿ ಸೇರಿಸಿದ, "ಆದ್ರೆ ಪಾಳೆಯದ ಹೊರಗೆ ಹೋಗು, ಗುಂಡಿ ತೋಡು, ಮುಚ್ಚು ಅಂತ ಬೈಬಲಲ್ಲಿ ಉಂಟು. ಗುದ್ದಲಿ ಕಂಪಲ್ಸರಿ."

"ಅಯ್ಯೋ, ಆನೆ ಯಾವ ಕಡೆಯಿಂದ ಬರ್ತದೋ ಆ ಕಡೆ ಮುಖ ಇರ್ಬೇಕು," ಚೋಮಿ ರೇಗಿದಳು. "ನಮ್ಗೆ ಅದೊಂದೇ ಶಾಸ್ತ್ರ."

ಆನೆ ಬರುವುದು ಉತ್ತರದಿಂದ. ಮೊಯ್ದು ಆಗಬಹುದೆಂದು ತಲೆಯಾಡಿಸಿದ. ಎಲ್ಲರೂ ಗುರುವಪ್ಪನವರ ಮುಖ ನೋಡಿದರು.

"ಸರಿ, ಉತ್ತರಕ್ಕೇ ಆಗ್ಲಿ," ಎಂದರು ಅವರು, ದೊಡ್ಡ ತ್ಯಾಗ ಮಾಡಿದವರಂತೆ. "ರಾತ್ರಿ ನಾನು ತಡ್ಕೋತೀನಿ."

ಬೇಸಿನ್ ಕೂತಿತು. ಮೂರು ಕಡೆ ತಗಡು ನಿಂತಿತು. ಬಾಗಿಲಿಗೆಂದು ಬಿಟ್ಟ ನಾಲ್ಕನೆಯ ಕಡೆ ಏನಿದೆಯೆಂದು ಕೀರ್ತಿಕುಮಾರ್ ತಿರುಗಿ ನೋಡಿದ್ದು ಆಮೇಲೆ. ಆನೆಯ ದಾರಿಗೂ ಬೇಸಿನ್ನಿಗೂ ನಡುವೆ ನೆಟ್ಟಗೆ ಅವನದೇ ಮನೆಯ ಜಗಲಿ! ಬಡಗಿ ಬಾಗಿಲು ಕೊಡುವುದು ಮುಂದಿನ ವಾರ. ಸುಧಾ ಬೇಡ ಬೇಡವೆಂದರೂ ಕೇಳದೆ, ಕೆಂಪು ಅಂಚಿನ ತನ್ನ ಮದುವೆಯ ಹಳದಿ ರೇಷ್ಮೆ ಶಲ್ಯವನ್ನೇ ತಂದು ಪರದೆ ಕಟ್ಟಿದ.

ಮರುದಿನ ಅತ್ತೆ ಬಂದವರು ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಎದುರಿಗೆ ನೋಡಿದರು. ಹಳದಿ ರೇಷ್ಮೆಯ ಪರದೆ. ಅದರ ಮೇಲೆ ಗುರುವಪ್ಪನವರು ಶುಭಕ್ಕೆಂದು ಕಟ್ಟಿದ ಚೆಂಡುಹೂವಿನ ಮಾಲೆ, ವಾಸನೆಗಿರಲಿ ಎಂದು ಹಚ್ಚಿಟ್ಟ ಊದುಬತ್ತಿ. ಹೊಸ ನೆಲ ಕೊಳೆಯಾಗುತ್ತದೆಂದು ಮೊಯ್ದು ಗದರಿದ್ದರಿಂದ ಚಪ್ಪಲಿಗಳೆಲ್ಲ ಹೊರಗೆ. ಸಾಲಿನಲ್ಲಿ ಟೋಪಿ, ಶಿಲುಬೆ, ಕುಂಕುಮ. ಎಲ್ಲರ ಕೈಯಲ್ಲೂ ನೀರು ತುಂಬಿದ ಚೊಂಬು.

ಶಕುಂತಲಮ್ಮ ಲೋಟ ಕೆಳಗಿಟ್ಟು ಎದ್ದರು. ವಾಪಸು ಬಸ್ಸು ಎಷ್ಟು ಹೊತ್ತಿಗೆಂದು ಕೀರ್ತಿಕುಮಾರ್ ನೆನಪಿಸಿಕೊಳ್ಳುತ್ತಿದ್ದ.

ಅವರು ಸೆರಗು ಹೊದ್ದು ಕೈಮುಗಿದರು.

"ಎಲ್ಲಾ ಜಾತಿಯೋರೂ ನಡ್ಕೊಳ್ತಾರಲ್ಲ ಅಳಿಯಂದ್ರೇ! ಯಾವ ದೇವ್ರು?"

"ಉತ್ತರಾಭಿಮುಖವಾಗಿದೆ ಅತ್ತೆ," ಎಂದ ಕೀರ್ತಿಕುಮಾರ್.

ಪರದೆ ಸರಿಯಿತು. ಕಣ್ಣು ಅರೆಮುಚ್ಚಿಕೊಂಡು ಅಂತೋಣಿ ಹೊರಬಂದ.

"ನೋಡಿ, ಮುಖದಲ್ಲಿ ಏನ್ ಕಳೆ!" ಎಂದರು ಶಕುಂತಲಮ್ಮ. "ಸುಧಾ, ನಂಗೂ ಒಂದು ಚೊಂಬು ನೀರು ತಾರೇ."