ಕಣ್ಣಳತೆ

"ತೋಳು ಹೋಗ್ತಿಲ್ಲ, ಸ್ವಲ್ಪ ಎತ್ತಿ ಹಿಡೀರಿ," ಎನ್ನುತ್ತ ನಾದಿನಿ ಅಣ್ಣನ ತಣ್ಣಗಾದ ಕೈಯನ್ನು ಅಂಗಿಯೊಳಗೆ ತೂರಿಸುತ್ತಿದ್ದಳು. ಮೂವತ್ತು ವರ್ಷ ಅವನ ಟೈಲರ್ ಅಂಗಡಿಯಲ್ಲಿ ಗುಂಡಿಯ ಕಾಜಾ ಹೊಲಿದ ಮುದುಕ ಬಗ್ಗಿ ನೋಡಿದ.

"ಎರಡೂ ಎಡತೋಳೇ ಕಣಮ್ಮ. ಹೋದ ತಿಂಗಳು ಹೊಲ್ಕೊಂಡಿದ್ದು."

"ಊರೋರ ಅಂಗಿಗೆಲ್ಲ ಹೆಸರು ತಗೊಂಡು, ತನ್ನ ಅಂಗೀನೇ ಹೀಗೆ ಕೆಡಿಸ್ಕೊಂಡ್ನಲ್ಲ!" ನಾದಿನಿ ನಕ್ಕಳು. ನಕ್ಕದ್ದಕ್ಕೇ ಅತ್ತಳು.

ಮುದುಕ ಸುಕ್ಕಾದ ತೋಳನ್ನು ಮೆಲ್ಲಗೆ ಹೊದಿಕೆಯಡಿ ಮುಚ್ಚಿದ. ಗೋಡೆಗೊರಗಿ ಕೂತಿದ್ದ ತೀರಿಕೊಂಡವನ ಹೆಂಡತಿಗೆ ಯಾವುದೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವಳ ತಲೆಯಲ್ಲಿ ಒಂದೇ ಮಾತು ಗಿರಕಿ ಹೊಡೆಯುತ್ತಿತ್ತು.

*

ಅಂಗಡಿಯ ಶಟರಿಗೆ ತಲೆ ತಾಗಿದ ದಿನ ಅವನು, "ಶಟರಿಗೇನೂ ಆಗಿಲ್ಲ" ಎಂದು ನಗೆಯಾಡಿದ್ದ. ತಿಂಗಳ ಮೇಲೆ ತಲೆನೋವು, ಮರೆವು ಶುರುವಾದವು. ಒಂದು ಮಧ್ಯಾಹ್ನ ಊಟದ ನಡುವೆ ಹೇಳಿದ: "ಊರಿಗೆಲ್ಲ ಹೊಲ್ದೆ, ನಿಂಗೊಂದು ರವಿಕೆ ಹೊಲ್ದು ಕೊಡ್ಲಿಲ್ಲ. ತಪ್ಪಾಯ್ತು ಕಣೇ."

ನಲವತ್ತು ವರ್ಷದಲ್ಲಿ ತಪ್ಪಾಯಿತೆಂದವನಲ್ಲ. ಅವಳ ಕಣ್ಣು ತುಂಬಿತು. ಮರುಕ್ಷಣವೇ ಅವನು ಕುಡಿಯುವ ಲೋಟದಲ್ಲಿ ಕೈ ತೊಳೆದು, "ನೀವು ಯಾರ ಮನೆಯವರು?" ಎಂದ.

ವೈದ್ಯರು ಸ್ಕ್ಯಾನ್ ತೋರಿಸಿ, "ತಲೆಬುರುಡೆಗೂ ಮಿದುಳಿಗೂ ನಡುವೆ ರಕ್ತ ಸೋರಿ ನಿಂತಿದೆ. ಮಿದುಳನ್ನ ಒತ್ತುತ್ತಿದೆ. ಈ ಗಲಿಬಿಲಿಯೆಲ್ಲ ಅದರದ್ದೇ" ಎಂದರು. ಬುರುಡೆಗೆ ತೂತು ಕೊರೆದು ರಕ್ತ ಬಸಿದರು. ಎರಡು ದಿನ ಅವನು ಅವಳನ್ನು ಗುರುತಿಸಿದ. ಆ ಮಾತು ನಿಜವೇ ಎಂದು ಕೇಳಿಬಿಡಬೇಕೆಂದುಕೊಂಡಳು, ನಾಚಿಕೆಯಾಯಿತು. ಮೂರನೆಯ ದಿನ ಮತ್ತೆ ರಕ್ತ ಸೋರಿತು.

*

ಅವನಿದ್ದ ವಾರ್ಡಿನ ನರ್ಸ್ ಡ್ಯೂಟಿ ಮುಗಿಸಿ ನೇರ ಸಾವಿನ ಮನೆಗೇ ಬಂದಿದ್ದಳು. ಹೆಂಡತಿ ಅವಳನ್ನು ಒಳಕೋಣೆಗೆ ಕರೆದು, ಎಲ್ಲ ಹೇಳಿ ಕೇಳಿದಳು: "ತಪ್ಪಾಯ್ತು ಅಂದಿದ್ದು ಅವರಾ, ಆ ರಕ್ತಾನಾ?"

"ಗೊತ್ತಿಲ್ಲಮ್ಮ. ಸುಳ್ಳು ಹೇಳಲ್ಲ. ಆದ್ರೆ ಆಪರೇಷನ್ ಆದ್ಮೇಲೆ ಎಚ್ಚರ ನೋಡೋಕೆ ಹೆಸರು, ದಿನ ಕೇಳ್ತಿದ್ದೆ. ಸರಿಯಾಗೇ ಹೇಳೋರು. ಆಮೇಲೆ ತಾವಾಗೇ, 'ಭುಜ ಹದಿಮೂರೂವರೆ, ಬರ್ಕೋ' ಅನ್ನೋರು. ಪ್ರತಿ ಸಲ ಅದೇ. ನಾನು ಗಲಿಬಿಲಿ ಇದೆ ಅಂತ ಬರೆದೆ."

"ಯಾರ ಅಳತೆ ಅಂದ್ನಾ?" ಬಾಗಿಲಲ್ಲಿ ನಿಂತಿದ್ದ ಮುದುಕ ಕೇಳಿದ.

"ಇಲ್ಲ."

"ಅವನದು ಕಣ್ಣಳತೆ. ಕಾಲಿಂಚೂ ತಪ್ತಿರ್ಲಿಲ್ಲ." ಮುದುಕ ಕೊರಳಿನ ಟೇಪು ತೆಗೆದ.

"ಅತ್ತಿಗೆ, ಹೊತ್ತಾಯ್ತು, ಎತ್ತಬೇಕಂತೆ!" ಹೊರಗಿನಿಂದ ನಾದಿನಿ ಕೂಗಿದಳು.

"ಇನ್ನೂ ಎತ್ತಬೇಡಿ," ಎಂದು ಹೆಂಡತಿ ಮುದುಕನ ಮುಂದೆ ಬೆನ್ನು ನೆಟ್ಟಗೆ ಮಾಡಿ ನಿಂತಳು. ಟೇಪಿನ ತಗಡಿನ ತುದಿ ಎಡಭುಜದ ಮೂಳೆಗೆ ತಣ್ಣಗೆ ತಾಗಿತು. ಹೊಸ ಗಿರಾಕಿಯ ಹಾಗೆ ಅವಳು ಉಸಿರು ಬಿಗಿಹಿಡಿದಳು.