ತುಟಿಮಾತು

ಆ ಮಧ್ಯಾಹ್ನ ಶೆಡ್ಡಿನ ಮಗ್ಗಗಳೆಲ್ಲ ನಿಂತಿದ್ದವು. ಇನ್ನೂರು ಜನ ನೇಕಾರರು ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ, ಅವುಗಳ ಸಂದುಗಳಲ್ಲಿ ನಿಂತಿದ್ದರು. ಆರುಮಗ್ಗದವಳಿಗೆ ಮಾತ್ರ ತಲೆಯೊಳಗೆ ಮಗ್ಗ ಓಡುತ್ತಲೇ ಇತ್ತು. ಮನೆಯಲ್ಲಿ ಮಲಗಿದರೂ ಓಡುತ್ತದೆ, ಇನ್ನು ಸತ್ತ ಮೇಲೂ ಓಡುತ್ತದೋ ಏನೋ.

ಒಬ್ಬಳೇ ಆರು ಮಗ್ಗ ನೋಡಿಕೊಳ್ಳುತ್ತಿದ್ದಳೆಂದು ಅವಳಿಗೆ ಆ ಹೆಸರು. ಆ ಆರೂ ಸೇರಿ ಅವಳ ಕಿವಿಗಳನ್ನು ಹಂಚಿಕೊಂಡು ತಿಂದಿದ್ದವು. ಶೆಡ್ಡಿನ ಅರ್ಧ ಜನರದ್ದೂ ಅದೇ ಪಾಡು. ಮಗ್ಗದ ಗದ್ದಲದಲ್ಲಿ ಕೂಗಿದರೆ ಗಂಟಲು ಹರಿಯುತ್ತದೆಯೇ ಹೊರತು ಪಕ್ಕದವಳಿಗೂ ಕೇಳುವುದಿಲ್ಲ. ಅದಕ್ಕೇ ಅಲ್ಲಿ ಎಲ್ಲರೂ ದನಿ ತೆಗೆಯದೆ, ತುಟಿಗಳನ್ನಷ್ಟೇ ದೊಡ್ಡದಾಗಿ ಆಡಿಸಿ ಮಾತಾಡುತ್ತಿದ್ದರು. ತುಟಿಮಾತು ಅಂತ ಅದಕ್ಕೆ ಹೆಸರು. ಇಪ್ಪತ್ತು ಮಗ್ಗದಾಚೆ ಇದ್ದವಳ ಜೊತೆ ಜಗಳ ಆಡಬಹುದಿತ್ತು. ಸೂಟು ಹಾಕಿದ ಸಾಹೇಬನ ಮುಖಕ್ಕೆ ಮುಖ ಕೊಟ್ಟು ಅವನ ಏಳು ತಲೆಮಾರನ್ನು ಬೈಯಬಹುದಿತ್ತು. ಅವನು ನಮಸ್ಕಾರ ಹೇಳಿದರೆಂದು ತಿಳಿದು ತಲೆಯಾಡಿಸಿ ಹೋಗುತ್ತಿದ್ದ.

ಈಗ ಮಗ್ಗಗಳನ್ನು ಬಿಚ್ಚಿ, ಕೂಲಿ ಇನ್ನೂ ಅಗ್ಗವಿರುವ ಯಾವುದೋ ದೇಶಕ್ಕೆ ಹಡಗಿನಲ್ಲಿ ಕಳಿಸುತ್ತಾರಂತೆ. ಇಲ್ಲಿ ಗೋದಾಮು ಏಳುತ್ತದಂತೆ. ಇದೇ ಮಗ್ಗದಲ್ಲಿ ಅಲ್ಲಿಯವರು ನೇಯ್ದ ಬಟ್ಟೆ ಇಲ್ಲಿಗೇ ಬರುತ್ತದೆ, ಅದನ್ನು ಇವರು ಡಬ್ಬಕ್ಕೆ ತುಂಬಬೇಕು. ಇದಕ್ಕೆ ಸಾಹೇಬರು ಇಟ್ಟ ಹೆಸರು ಬದಲಾವಣೆ.

ಬಾಗಿಲ ಬಳಿಯ ಮೇಜಿನ ಮೇಲೆ ಕಾಗದಗಳ ಕಟ್ಟು ಇತ್ತು. 'ನನ್ನ ಸ್ವಂತ ಇಷ್ಟದಿಂದ ಕೆಲಸ ಬಿಡುತ್ತಿದ್ದೇನೆ.' ನಾಲ್ಕು ಗಂಟೆಯೊಳಗೆ ಸಹಿ ಹಾಕಿದವರಿಗೆ ಗೋದಾಮಿನಲ್ಲಿ ಕೆಲಸ. ಹಾಕದವರಿಗೆ ಕೆಲಸವೂ ಇಲ್ಲ, ಗಿರಣಿಯ ಮನೆಯೂ ಇಲ್ಲ.

"ಸ್ವಂತ ಇಷ್ಟ ಅಂತೆ! ಕಿವಿಗೆ ಹೂ ಇಡೋಕೆ ಬಂದವ್ರೆ," ಎಂದಳು ಲಾಳಿ, ಪಕ್ಕದ ಮಗ್ಗದ ಗೆಳತಿ. ನಿಂತಲ್ಲಿ ನಿಲ್ಲದೆ ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಓಡಾಡುವವಳೆಂದು ಅವಳನ್ನು ಎಲ್ಲರೂ ಲಾಳಿ ಅಂತಲೇ ಕರೆಯುತ್ತಿದ್ದರು.

"ಇಡಲಿ ಬಿಡೇ. ಕೇಳ್ಸೋದಂತೂ ಇಲ್ಲ, ಹೂವಿಗಾದ್ರೂ ಜಾಗ ಆಗ್ಲಿ," ಅಂದಳು ಇವಳು. ಇಬ್ಬರೂ ನಕ್ಕರು. ಆಮೇಲೆ ಅವರಿಗೆ ನಗು ಬರಲಿಲ್ಲ.

ಇವಳಿಗೆ ಬೇಕಿದ್ದುದು ಒಂದೇ: ಗಂಡನ ಆಸ್ಪತ್ರೆ ಚೀಟಿ. ಹತ್ತಿಯ ಧೂಳು ಕುಡಿದೂ ಕುಡಿದೂ ಅವನ ಎದೆ ಸೋರುವ ಚೀಲದ ಹಾಗಾಗಿತ್ತು. ಗಾಳಿಯ ಸಿಲಿಂಡರು ಬರುತ್ತಿದ್ದುದು ಗಿರಣಿಯ ಚೀಟಿಯಲ್ಲಿ. ಗಿರಣಿ ಮುಚ್ಚಿದರೆ ಚೀಟಿ ರದ್ದು. ಗೋದಾಮಿನ ಕೆಲಸ ಸಿಕ್ಕರೆ ಹೊಸ ಚೀಟಿ. ಬೆಳಿಗ್ಗೆ ಹೊರಡುವಾಗ ಅವನು ಮೂಗಿನ ನಳಿಕೆ ಸರಿಸಿ, ತುಟಿಮಾತಿನಲ್ಲೇ ಹೇಳಿದ್ದ: "ಏನಾದ್ರೂ ಮಾಡು. ಆದ್ರೆ ಮಾಡು."

ಶೆಡ್ಡಿನ ಮೂಲೆಯಲ್ಲಿ ಗಾಜಿನ ಕೋಣೆ. ಒಳಗೆ ಗಿರಣಿಯ ಸಾಹೇಬ, ಗೋದಾಮಿನ ಕಂಪನಿಯವನೊಬ್ಬ, ಮತ್ತು ನೇಕಾರರ ಸಂಘದ ನಾಯಕ. ಆ ನಾಯಕ ಅವಳ ಒಡಹುಟ್ಟಿದ ತಮ್ಮ. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಕೈಹಿಡಿದು ಈ ಶೆಡ್ಡಿಗೆ ಕರೆತಂದವಳು ಇವಳೇ. ನೂಲಿನ ಗಂಟು ಹಾಕುವುದನ್ನು ಕಲಿಸುವ ಮೊದಲು ತುಟಿಮಾತು ಕಲಿಸಿದ್ದಳು. ಈಗ ಎಂಟು ವರ್ಷದಿಂದ ಅವನು ಮಗ್ಗ ಮುಟ್ಟಿಲ್ಲ, ಇಸ್ತ್ರಿ ಅಂಗಿ ಹಾಕುತ್ತಾನೆ. ಹಾಕಲಿ, ನಮ್ಮವನಲ್ಲವೇ ಅಂದುಕೊಂಡಿದ್ದಳು.

ಉಳಿದವರ ಕಣ್ಣೆಲ್ಲ ಕಾಗದದ ಮೇಜಿನ ಮೇಲಿತ್ತು. ಗಾಜಿನಾಚೆ ಕಂಪನಿಯವನ ತುಟಿ ಆಡಿತು. ಅವಳು ಓದಿದಳು.

"ಇನ್ನೂರು ಜನರನ್ನ ನಾನೆಲ್ಲಿ ತುಂಬ್ಲಿ?"

ಸಾಹೇಬ ಕುರ್ಚಿಗೆ ಒರಗಿ ಹೇಳಿದ. "ಸಹಿ ಆಗ್ಲಿ. ಆಮೇಲೆ ಕಿವಿ ಪರೀಕ್ಷೆ ಇಡಿ. ಅರ್ಧ ಜನ ತಾವಾಗೇ ಉದುರ್ತಾರೆ. ಸ್ವಂತ ಇಷ್ಟದಿಂದ ಬಿಟ್ಟೋರು, ಕೋರ್ಟಿಗೂ ಹೋಗೋಹಾಗಿಲ್ಲ."

ಕಿವಿ ತಿಂದವರೇ ಈಗ ಕಿವಿ ಎಲ್ಲಿ ಎಂದು ಕೇಳುತ್ತಿದ್ದಾರೆ! ತಮ್ಮ ಈಗ ಮೇಜು ಗುದ್ದುತ್ತಾನೆ, ಈಗ ಎದ್ದು ನಿಲ್ಲುತ್ತಾನೆ ಎಂದು ಕಾದಳು.

ತಮ್ಮ ಗಾಜಿನಾಚೆ ನಿಂತ ಜನರ ಕಡೆ ಒಮ್ಮೆ ನೋಡಿದ. ಆಮೇಲೆ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡಿದ.

ಏನಂದನೋ ಅವಳಿಗೆ ಕಾಣಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಗಾಜಿನ ಬಾಗಿಲು ಮುಚ್ಚಿದ್ದರೂ ಬಾಯಿಯನ್ನೂ ಮುಚ್ಚಿಕೊಳ್ಳುವ ಬುದ್ಧಿ ಶೆಡ್ಡಿನಲ್ಲಿ ಬೆಳೆದವನಿಗಲ್ಲದೆ ಇನ್ಯಾರಿಗೆ ಬಂದೀತು? ಅರ್ಧ ಜನರಿಗೆ ಕಿವಿಯಿಲ್ಲವೆಂದು ಸಾಹೇಬನಿಗೆ ಹೇಳಿದವರು ಯಾರೆಂಬುದೂ ಅವಳಿಗೆ ಆಗಲೇ ಹೊಳೆಯಿತು.

ಬಾಗಿಲು ತೆರೆಯಿತು. ನಾಯಕ ಹೊರಗೆ ಬಂದು ಮಗ್ಗವೊಂದರ ಕಟ್ಟೆಯ ಮೇಲೆ ಹತ್ತಿ ನಿಂತ. ಸಾಹೇಬ ಪಕ್ಕದಲ್ಲಿ ನಿಂತು ಗಡಿಯಾರ ನೋಡಿಕೊಂಡ.

"ಬಂಧುಗಳೇ! ಎಲ್ಲರಿಗೂ ಕೆಲಸ ಇದೆ. ನಾನು ಮಾತಾಡಿದೀನಿ. ಧೈರ್ಯವಾಗಿ ಸಹಿ ಹಾಕಿ."

ಸಾಲು ಕಟ್ಟಿತು. ಮುಂದಿನ ನಾಲ್ಕೈದು ಜನ ಸಹಿ ಹಾಕಿಯೂ ಆಯಿತು. ಆರುಮಗ್ಗದವಳು ಸಾಲಿನಿಂದ ಹೊರಗೆ ಬಂದು ತಮ್ಮನ ಎದುರು ನಿಂತಳು. ದನಿಯಿಲ್ಲದೆ ಕೇಳಿದಳು.

"ಬಾಯಿಗೆ ಕೈ ಯಾಕೋ ಅಡ್ಡ ಹಿಡಿದೆ?"

ಅವನು ಓರೆಗಣ್ಣಿನಲ್ಲಿ ಸಾಹೇಬನನ್ನು ನೋಡಿದ. ಎಂಟು ವರ್ಷ ಸಾಹೇಬರ ನಡುವೆ ಕೂತು ಕೂತು, ದನಿ ತೆಗೆಯದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಅಭ್ಯಾಸ ಅವನಿಗೆ ಅಂಟಿಬಿಟ್ಟಿತ್ತು. ಮಗ್ಗದ ಮೇಲೆ ನಿಂತೇ, ತುಟಿಗಳನ್ನು ದೊಡ್ಡದಾಗಿ ಆಡಿಸಿ ಉತ್ತರ ಕೊಟ್ಟ.

"ಸುಮ್ನಿರು ಅಕ್ಕ. ಕಿವಿ ಪರೀಕ್ಷೆ ನಿಂಗಿಲ್ಲ. ನಿನ್ನ ಹೆಸರು ಬೇರೆ ಪಟ್ಟಿಲಿ ಹಾಕ್ಸಿದೀನಿ. ಭಾವನ ಚೀಟಿ ಉಳಿಯುತ್ತೆ. ಇವರಿಗೆಲ್ಲ ಹೇಳ್ಬೇಡ."

ಇನ್ನೂರು ಜನ ಓದಿದರು.

ಸಾಲು ತಟಕ್ಕನೆ ಒಡೆಯಿತು. ಯಾರೋ ಒಬ್ಬ ಪೆನ್ನು ಬಿಸಾಡಿದ. ಸಹಿ ಹಾಕಿದ್ದ ಮುದುಕನೊಬ್ಬ ತನ್ನ ಕಾಗದ ಹುಡುಕಿ ಎಳೆಯತೊಡಗಿದ. ಮೇಜಿನ ಹಿಂದಿದ್ದ ಗುಮಾಸ್ತ ಕಾಗದದ ಕಟ್ಟನ್ನು ಎದೆಗವಚಿಕೊಂಡು ಹಿಂದೆ ಸರಿದ. ನಾಯಕ ಮಗ್ಗದಿಂದ ಇಳಿಯಲೂ ಆಗದೆ ನಿಲ್ಲಲೂ ಆಗದೆ ಅಲ್ಲೇ ಕಲ್ಲಾದ.

"ಏನಾಯ್ತು? ಯಾರೂ ಏನೂ ಅನ್ಲಿಲ್ವಲ್ಲ!" ಸಾಹೇಬ ಕಣ್ಣು ಕಣ್ಣು ಬಿಟ್ಟ. ಆಮೇಲೆ ದನಿಯೇರಿಸಿದ. "ನಾಲ್ಕಕ್ಕೆ ಹತ್ತು ನಿಮಿಷ ಇದೆ. ಮೇಜು ಎತ್ತಿದ ಮೇಲೆ ನನ್ನ ಕೇಳ್ಬೇಡಿ. ನಾಳೆ ಮನೆ ಬೀಗದ ಕೈ ಕೊಡಿ, ಅಷ್ಟೇ."

ಯಾರೂ ಅಲುಗಾಡಲಿಲ್ಲ. ಒಂದು ನಿಮಿಷ. ಎರಡು. ಕೊನೆಗೆ, ಕಿವಿ ಇನ್ನೂ ಸರಿಯಿದ್ದ ಒಬ್ಬ ತಲೆ ತಗ್ಗಿಸಿಕೊಂಡು ಮೇಜಿನ ಕಡೆ ನಡೆದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಕಿವಿ ಸರಿಯಿಲ್ಲದವರೂ ನಡೆದರು. ಉದುರಿಸುತ್ತಾರೆಂದು ಗೊತ್ತಿದ್ದೂ ನಡೆದರು. ಪರೀಕ್ಷೆಯ ದಿನದ ತನಕವಾದರೂ ತಲೆಯ ಮೇಲೆ ಸೂರು ಇರುತ್ತದಲ್ಲ!

ಆರುಮಗ್ಗದವಳ ಕಾಲುಗಳೂ ಸಾಲು ಸೇರಿದವು. ಯಾರೂ ಅವಳನ್ನು ತಳ್ಳಲಿಲ್ಲ. ಹಿಂದೆ ಮುಂದೆ ಒಂದೊಂದು ಹೆಜ್ಜೆ ಜಾಗ ಬಿಟ್ಟರು, ಅಷ್ಟೇ.

ಮೇಜು ಬಂತು. ಅವಳು ಪೆನ್ನು ಹಿಡಿದಳು. ಸಹಿ ಮುಗಿಸಿ ಪಕ್ಕಕ್ಕೆ ನಿಂತಿದ್ದ ಲಾಳಿ ಅವಳ ಎದುರಿಗೆ ಬಂದಳು. ಅವಳ ಕಿವಿಯೂ ಹೋಗಿ ಹತ್ತು ವರ್ಷವಾಗಿತ್ತು. ತುಟಿ ಮೆಲ್ಲಗೆ ಆಡಿತು.

"ಆ ಬೇರೆ ಪಟ್ಟಿ, ನಿಂಗೆ ಮೊದಲೇ ಗೊತ್ತಿತ್ತೇನೇ?"

ಇಲ್ಲ ಕಣೇ, ನಿನ್ನಾಣೆಗೂ ಇಲ್ಲ ಎಂದು ಹೇಳಬೇಕಿತ್ತು. ಬಲಗೈ ಸಹಿ ಹಾಕುತ್ತಿತ್ತು. ಅಳು ಉಕ್ಕಿ ಬಂದು ತುಟಿಗಳು ಅದುರತೊಡಗಿದವು. ತಡೆಯಲೆಂದು ಎಡಗೈ ತಾನಾಗಿಯೇ ಮೇಲೆದ್ದು ಬಾಯಿಗೆ ಅಡ್ಡ ಬಂತು.

ಲಾಳಿ ಆ ಕೈಯನ್ನು ನೋಡಿದಳು. ಶೆಡ್ಡಿಗೆ ಶೆಡ್ಡೇ ನೋಡಿತು.