ಹೊಗೆ ತಾಗದ ಮನೆ

ಸೊಸೆಯ ಹೆಣದ ತಲೆದೆಸೆಯಲ್ಲಿ ಉರಿಯುತ್ತಿದ್ದ ಊದುಬತ್ತಿಯನ್ನು ಅಮ್ಮಾಜಮ್ಮ ಕಿತ್ತು ನೆಲಕ್ಕೆ ಹೊಸಕಿದಳು.

“ಯಾರು ಹಚ್ಚಿದ್ದು? ಪಕ್ಕದಲ್ಲೇ ರೇಷ್ಮೆ ಹುಳದ ಮನೆ. ಹಣ್ಣಾಗೋ ಹೊತ್ತಲ್ಲಿ ಹೊಗೆ ತಾಗಿದ್ರೆ ಒಂದೂ ಗೂಡು ಕಟ್ಟಲ್ಲ.”

“ನಾನೇ,” ಎಂದ ಸತ್ತ ಯಾಮಿನಿಯ ತಮ್ಮ ಹರಿಕೃಷ್ಣ. “ನೊಣ ಮುತ್ತುತಾವೆ, ಕಾಣಲ್ವಾ?”

“ಸೆರಗು ಮುಚ್ಚು.”

“ಭಾವ ಎಲ್ಲಿ?”

“ಒಳಗೆ ಹಣ್ಣು ಹುಳ ಆರಿಸ್ತವ್ನೆ. ಅವು ಕಾಯ್ತವೇನಪ್ಪ?”

“ಅಕ್ಕನ ಬೆವರು ತಾಗಿದ್ರೆ ಸಾಯೋ ಹುಳ, ಸೂತಕ ತಾಗಿದ್ರೆ ಸಾಯಲ್ವಾ?”

ಯಾಮಿನಿಯ ತವರು ಮಂಡಿಕಲ್ಲಿಂದ ಬಂದಿದ್ದ ಹೆಂಗಸರು ತಲೆ ತಗ್ಗಿಸಿದರು.

*

ಎದೆಯ ಗೆಡ್ಡೆ ಬಲು ಬೇಗ ಬೆಳೆಯುವ ಜಾತಿಯದು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹೊಸ ಔಷಧಿಯ ಪ್ರಯೋಗಕ್ಕೆ ಯಾಮಿನಿಯ ಹೆಸರು ಬರೆದುಕೊಂಡಿದ್ದರು. ಮೂರು ವಾರಕ್ಕೊಂದರಂತೆ ನಾಲ್ಕು ಸೂಜಿ. ಮೊದಲನೆಯದಕ್ಕೇ ನಿಂಬೆಹಣ್ಣಿನಷ್ಟಿದ್ದ ಗೆಡ್ಡೆ ನೆಲ್ಲಿಕಾಯಿಯಷ್ಟಾಯಿತು. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ ಅವಳು ಅತ್ತೆಗೆ ಹೇಳಿದ್ದಳು:

“ಕಣ್ಣಿಗೇ ಕಾಣದಷ್ಟು ಸಣ್ಣ ಉಂಡೆಯೊಳಗೆ ಔಷಧಿ ತುಂಬಿರ್ತಾರಂತೆ ಅತ್ತೆ. ರಕ್ತದಲ್ಲಿ ಹೋಗಿ ಗೆಡ್ಡೆ ಹತ್ರಾನೇ ಬಿಚ್ಕೊಳ್ಳುತ್ತಂತೆ. ಬೇರೆ ಕಡೆಗೆ ಅಷ್ಟು ತಾಗಲ್ವಂತೆ.”

“ಗೆಡ್ಡೆ ಕರಗಿಸೋ ವಿಷ ಬೆವರಲ್ಲಿ ಬರಲ್ವಾ? ಆ ಕೈಯಲ್ಲಿ ಸೊಪ್ಪು ಮುಟ್ಟಿದ್ರೆ ಹುಳದ ಗತಿ?”

“ಹಂಗಾದ್ರೆ ಬೇರೆಯವರು ಹಾಕ್ಲಿ.”

“ಹುಳ ಪೊರೆ ಕಳಚಿ ನಾಲ್ಕನೇ ಜ್ವರ ಎದ್ದಿವೆ, ರಾತ್ರಿ ಹಗಲು ತಿಂತವೆ. ನಿನ್ನ ಬಿಟ್ರೆ ಯಾರವ್ರೆ?” ಎಂದ ಗಂಡ ಮೋಹನ್‌ಬಾಬು. “ಈ ಬೆಳೆ ಇಳೀಲಿ ಕಣೇ, ಆಮೇಲೆ ಹೋಗಣ.”

ಎರಡನೇ ಸೂಜಿಯ ತಾರೀಖಿಗೆ ಹುಳ ಜ್ವರ ಎದ್ದಿದ್ದವು. ಮೂರನೆಯದಕ್ಕೆ ಮುಂದಿನ ಬೆಳೆಯ ಹುಳ ಹಣ್ಣಾಗಿದ್ದವು. ನಾಲ್ಕನೆಯದಕ್ಕೆ ಹೊಸ ಮರಿ ಬಂದಿದ್ದವು. ಮೂರೂ ಸೂಜಿ ತಪ್ಪಿದ್ದಕ್ಕೆ ಆಸ್ಪತ್ರೆಯವರು ಪಟ್ಟಿಯಿಂದ ಹೆಸರು ತೆಗೆದರು. ಅಷ್ಟರಲ್ಲಿ ಗೆಡ್ಡೆ ಶ್ವಾಸಕೋಶಕ್ಕೆ ಇಳಿದಿತ್ತು. ಉಸಿರು ಕಟ್ಟುವ ದಿನದವರೆಗೂ ಅವಳು ಸೊಪ್ಪು ಹಾಕಿದಳು.

*

ತಮಟೆ ಶುರುವಾಯಿತು. ಮೋಹನ್‌ಬಾಬು ಕೈ ಒರೆಸಿಕೊಳ್ಳುತ್ತಾ ಬಂದು ಚಟ್ಟಕ್ಕೆ ಹೆಗಲು ಕೊಟ್ಟ.

“ಅಕ್ಕನ ಆಸ್ಪತ್ರೆ ಕಾರ್ಡೆಲ್ಲಿ? ಅವಳ ಜತೇಲೇ ಸುಡ್ತೀನಿ,” ಎಂದ ಹರಿಕೃಷ್ಣ.

“ಯಾವ್ದೋ ಹುಳದ ತಟ್ಟೆಗೆ ಹಾಸಿರ್ಬೇಕು,” ಎಂದಳು ಅಮ್ಮಾಜಮ್ಮ. “ಏಯ್, ಚಪ್ಪಲಿ ಬಿಟ್ಟು, ಕೈ ತೊಳ್ಕೊಂಡು ಹೋಗೋ!”

ಅವನು ಎರಡನ್ನೂ ಮಾಡಲಿಲ್ಲ.

ಹುಳದ ಮನೆಯಲ್ಲಿ ಕಾರ್ಡು ಮೂರನೇ ತಟ್ಟೆಯಲ್ಲಿ ಸಿಕ್ಕಿತು. ಮೊದಲ ಚೌಕದಲ್ಲಿ ಮೊಹರು. ಮುಂದಿನ ಮೂರೂ ಖಾಲಿ. ಆರಿಸುವಾಗ ತಪ್ಪಿಸಿಕೊಂಡ ಹಣ್ಣು ಹುಳವೊಂದು ಆ ಖಾಲಿ ಚೌಕಗಳ ಮೇಲೆ ತಲೆಯಾಡಿಸುತ್ತಾ ನೂಲು ಬಿಡುತ್ತಿತ್ತು.

ಹರಿಕೃಷ್ಣ ಬಾಗಿಲಿಗೆ ಒಳಗಿಂದ ಅಗುಳಿ ಹಾಕಿದ. ಜೇಬಿನಿಂದ ಊದುಬತ್ತಿಯ ಪೊಟ್ಟಣ ತೆಗೆದು ಕಡ್ಡಿಗಳನ್ನೆಲ್ಲ ಒಟ್ಟಿಗೇ ಹಚ್ಚಿದ.

ಹೊಗೆ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಸಂದಿಗೆ ನುಗ್ಗಿತು. ಕಾರ್ಡಿನ ಮೇಲಿನ ಹುಳ ನೂಲು ನಿಲ್ಲಿಸಿ, ತಲೆ ಎತ್ತಿ, ಹಾಗೇ ನಿಂತಿತು.